ಆಸ್ಪತ್ರೆ ಬಾಕಿ ಆಸ್ಪತ್ರೆಯಲ್ಲೇ ಇರಲಿ, ಸಾವಕಾರನ ಮನೆಗೆ ಒಯ್ಯಬೇಡಿ

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಹೊಲ ಇದೆ, ತೊಗರಿ ಹಾಕಿದ್ದೇವೆ, ಈಗ ಹೂವಿನಲ್ಲಿದೆ. ಒಂಬತ್ತು ದಿನದ ಹಿಂದೆ ರಾತ್ರಿ ಅವ್ವನಿಗೆ (62 ವರ್ಷ) ಹೊಟ್ಟೆನೋವು ಜೋರಾಯಿತು. ಆಂಬುಲೆನ್ಸ್‌ನವರು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಕರುಳಿಗೆ ತೂತು ಬಿದ್ದಿದೆ ಅಂತ ಅದೇ ರಾತ್ರಿ ಆಪರೇಷನ್ ಮಾಡಿದರು. ನಾಲ್ಕು ದಿನ ಐಸಿಯುನಲ್ಲಿ ಇದ್ದಳು, ಈಗ ವಾರ್ಡಿನಲ್ಲಿ ಇದ್ದಾಳೆ. ಆರಾಮಾಗಿದ್ದಾಳೆ, ಎರಡು ದಿನದಲ್ಲಿ ಬಿಡುತ್ತೇವೆ ಎಂದಿದ್ದಾರೆ. ಬಿಲ್ 2,86,000 ಆಗಿದೆ. 1,10,000 ಕಟ್ಟಿದ್ದೇವೆ. ಬಿಪಿಎಲ್ ಕಾರ್ಡ್ ಇದೆ, ಆದರೆ ಇಲ್ಲಿ ಕಾರ್ಡ್ ನಡೆಯಲ್ಲ ಅಂತ ಮೊದಲೇ ಹೇಳಿದರು. ಉಳಿದ 1,76,000 ಕಟ್ಟಿ, ಇಲ್ಲವಾದರೆ ಸಹಿ ಮಾಡಿದ ಎರಡು ಚೆಕ್ ಕೊಟ್ಟು ಕರೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಊರಿನ ಸಾವಕಾರರು ಐದು ರೂಪಾಯಿ ಬಡ್ಡಿಗೆ ಕೊಡುತ್ತೇನೆ ಎಂದಿದ್ದಾರೆ. ಅಣ್ಣ ಒಂದು ಎಕರೆ ಮಾರೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಅವ್ವ ಉಳಿದಳಲ್ಲ, ಅದು ದೊಡ್ಡದು. ಕರುಳು ತೂತಾದವರನ್ನು ಒಂದು ರಾತ್ರಿ ತಡ ಮಾಡಿದರೂ ಉಳಿಸುವುದು ಕಷ್ಟ. ಹತ್ತಿರದ ಆಸ್ಪತ್ರೆಗೆ ಒಯ್ದದ್ದು ತಪ್ಪೇನಲ್ಲ. ಆ ಹೊತ್ತಿನಲ್ಲಿ ಕಾರ್ಡ್ ನಡೆಯುತ್ತದೋ ಇಲ್ಲವೋ ಎಂದು ಯಾರು ಕೇಳುತ್ತಾರೆ? ಅದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳುತ್ತಾ ಕೂರಬೇಡಿ.

ಈಗ ವಿಷಯಕ್ಕೆ ಬರೋಣ. ನಿಮ್ಮ ಕೈಯಲ್ಲಿ ಎರಡು ದಿನ ಇದೆ. ಈ ಎರಡು ದಿನದಲ್ಲಿ ಮೂರು ಕೆಲಸ ಮಾಡಬೇಡಿ. ಚೆಕ್ ಕೊಡಬೇಡಿ, ಸಾವಕಾರನ ಹತ್ತಿರ ಹೋಗಬೇಡಿ, ಹೊಲದ ಮಾತು ಎತ್ತಬೇಡಿ. ಯಾಕೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.

ಐದು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಐದು. 1,76,000ಕ್ಕೆ ತಿಂಗಳಿಗೆ 8,800 ರೂಪಾಯಿ, ವರ್ಷಕ್ಕೆ 1,05,600. ಅಸಲು ಹಾಗೇ ಇರುತ್ತದೆ. ಈ ಹಣ ಇವತ್ತು ಆಸ್ಪತ್ರೆಯ ಬಾಕಿ. ಬಡ್ಡಿ ಕೊಡುತ್ತೇನೆ ಎಂದು ನೀವು ಬರೆದುಕೊಟ್ಟು ಒಪ್ಪಿಕೊಳ್ಳದೆ ಇದ್ದರೆ ಸಾಮಾನ್ಯವಾಗಿ ಆ ಬಾಕಿ ತಿಂಗಳಿಂದ ತಿಂಗಳಿಗೆ ಬೆಳೆಯುವುದಿಲ್ಲ. ಅದರಲ್ಲಿ ಚೌಕಾಶಿಗೂ ಜಾಗ ಇದೆ. ಕೊಡದೆ ಉಳಿದರೆ ಅದು ಸಿವಿಲ್ ವ್ಯಾಜ್ಯ, ಜೈಲಿನ ಮಾತಲ್ಲ. ಅದೇ ಹಣವನ್ನು ಸಾವಕಾರನಿಂದ ತಂದು ಕೌಂಟರಿಗೆ ಕಟ್ಟಿದ ಗಳಿಗೆಯಲ್ಲಿ ಅದು ಬೇರೆ ಸಾಲ ಆಗುತ್ತದೆ. ಅಲ್ಲಿ ಕನ್ಸೆಷನ್ ಇಲ್ಲ, ಕಂತು ಇಲ್ಲ, ಬಡ್ಡಿ ಮಾತ್ರ ಇದೆ. ಹದಿನೆಂಟು ವರ್ಷ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿನ ಆ ಕಡೆ ಕೂತಿದ್ದೆ, ಈಗ ಈ ಕಡೆ ನಿಂತು ಜನರಿಗೆ ಸಹಾಯ ಮಾಡುತ್ತೇನೆ. ಎರಡೂ ಕಡೆಯಿಂದ ಕಂಡದ್ದು ಒಂದೇ. ನಮ್ಮ ಭಾಗದ ಜನ ಆಸ್ಪತ್ರೆ ಬಿಲ್ಲಿನಿಂದ ಮುಳುಗುವುದಕ್ಕಿಂತ ಜಾಸ್ತಿ, ಆ ಬಿಲ್ ಕಟ್ಟಲು ಗಡಿಬಿಡಿಯಲ್ಲಿ ಮಾಡಿದ ಸಾಲದಿಂದ ಮುಳುಗುತ್ತಾರೆ.

ಚೆಕ್ ವಿಷಯ ಇನ್ನೂ ಅಪಾಯದ್ದು. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಮ್ಮ ಕಾಕಾ ಒಂದು ಆಸ್ಪತ್ರೆಯಲ್ಲಿದ್ದಾಗ ಡಿಸ್ಚಾರ್ಜ್ ದಿನ 40,000 ಕಡಿಮೆ ಬಿತ್ತು. "ಬರೀ ಸೆಕ್ಯುರಿಟಿಗೆ ಕೊಡ್ರಿ, ಬ್ಯಾಂಕಿಗೆ ಹಾಕೂದಿಲ್ಲ" ಎಂದರು. ಬಿಲ್ಲಿಂಗ್‌ನಲ್ಲಿ ಕೆಲಸ ಮಾಡುವವನೇ ಆಗಿದ್ದರೂ, ಬುದ್ಧಿ ಎಲ್ಲಿ ಹೋಗಿತ್ತೋ, ಮೊತ್ತ ಬರೆಯದೆ ಸಹಿ ಹಾಕಿ ಕೊಟ್ಟೆ. ಮೂರು ತಿಂಗಳಿಗೆ ಬ್ಯಾಂಕಿಗೆ ಹಾಕಿದರು, ಬೌನ್ಸ್ ಆಯಿತು, ನೋಟಿಸ್ ಬಂತು. ಹದಿನಾಲ್ಕು ತಿಂಗಳು ಕೋರ್ಟಿಗೆ ಅಲೆದೆ. ಬರೀ ಬಿಲ್ ಬಾಕಿ ಇದ್ದಿದ್ದರೆ ಅದು ಸಿವಿಲ್ ದಾವೆ ಮಾತ್ರ. ಚೆಕ್ ಬೌನ್ಸ್ ಆದರೆ ಕಲಂ 138ರ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟು ದಂಡ ಬೀಳಬಹುದು. ಖಾಲಿ ಚೆಕ್ ಕೊಟ್ಟಿದ್ದೆ, ಮೊತ್ತ ಅವರೇ ಬರೆದುಕೊಂಡರು ಎಂದರೆ ಬಚಾವ್ ಆಗುವುದಿಲ್ಲ. ಸಹಿ ಮಾಡಿ ಸ್ವಂತ ಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಕಾನೂನು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆದ್ದರಿಂದ ಅವರು ಏನೇ ಕೇಳಲಿ, ಬಾಕಿ ಯಾವಾಗ ಕಟ್ಟುತ್ತೇನೆ ಎಂದು ಬರೆದುಕೊಡಿ, ಚೆಕ್ ಕೊಡಬೇಡಿ. ಖಾಲಿ ಬಾಂಡ್ ಪೇಪರಿಗೂ ಸಹಿ ಬೇಡ.

ಇನ್ನು ಬಿಲ್. ನಿಮ್ಮ ಹತ್ತಿರ ಈಗ ಇರುವುದು ಬಹುಶಃ ಒಂದು ಹಾಳೆ. ಐಸಿಯು ಇಷ್ಟು, ಓಟಿ (ಆಪರೇಷನ್ ಕೋಣೆ) ಇಷ್ಟು, ಔಷಧ ಇಷ್ಟು, ಒಟ್ಟು ಇಷ್ಟು. ಅದು ಬಿಲ್ ಅಲ್ಲ, ಸಾರಾಂಶ. ನಾಳೆ ಬೆಳಿಗ್ಗೆ ಹೋಗಿ ದಿನವಾರು, ಐಟಂವಾರು ವಿವರ ಇರುವ ಬಿಲ್ ಕೇಳಿ. ಅದು ರೋಗಿಯ ಹಕ್ಕು, ಅವರು ಮಾಡುವ ಉಪಕಾರ ಅಲ್ಲ. ಜೊತೆಗೆ ಮೆಡಿಕಲ್‌ನ ಎಲ್ಲ ಬಿಲ್ಲುಗಳ ಪಟ್ಟಿ ಮತ್ತು ನೀವು ಕಟ್ಟಿದ ಡಿಪಾಸಿಟ್ ರಸೀದಿಗಳ ಪಟ್ಟಿಯನ್ನೂ ತೆಗೆದುಕೊಳ್ಳಿ. ಮೆಡಿಕಲ್ ಬಿಲ್ಲುಗಳು ಆ ಬಿಸಿ ಅಚ್ಚಿನ ನುಣುಪು ಕಾಗದದಲ್ಲಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ. ಎರಡು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಆಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಬಿಳಿ ಹಾಳೆ ಹಿಡಿದು ನಿಂತವರನ್ನು ತುಂಬ ನೋಡಿದ್ದೇನೆ.

ಬಿಲ್ ಬಂದ ಮೇಲೆ ಒಂದು ಕಡೆ ಕೂತು, ಒಂದು ಪೆನ್ ಹಿಡಿದು ಓದಿ. ಊರಲ್ಲಿ ನರ್ಸಿಂಗ್ ಕಲಿತ ತಂಗಿಯೋ, ಮೆಡಿಕಲ್ ಇಟ್ಟ ಗೆಳೆಯನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೌಂಟರಿನ ಆ ಕಡೆ ಇದ್ದವನು ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ, ಕೇಳಿ. ಐಸಿಯುನಿಂದ ವಾರ್ಡಿಗೆ ಬಂದ ದಿನ ಎರಡೂ ಕಡೆಯ ಬಾಡಿಗೆ ಹಾಕಿರುತ್ತಾರೆ. ವಾರ್ಡಿಗೆ ಬಂದ ಮೇಲೂ ಮಾನಿಟರ್, ಆಕ್ಸಿಜನ್ ಚಾರ್ಜ್ ಮುಂದುವರಿದಿರುತ್ತದೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಯಾರೂ ನಿಲ್ಲಿಸಿರುವುದಿಲ್ಲ. ದಿನಕ್ಕೆ ಒಮ್ಮೆ ಬಂದ ಡಾಕ್ಟರ್ ಹೆಸರಿನಲ್ಲಿ ಎರಡು ವಿಸಿಟ್ ಇರುತ್ತವೆ. ಗ್ಲೌಸ್, ಸಿರಿಂಜ್, ಹತ್ತಿ ಒಂದು ಕಡೆ ಮೆಡಿಕಲ್ ಬಿಲ್ಲಿನಲ್ಲಿ ನೀವೇ ಕೊಂಡದ್ದು, ಇನ್ನೊಂದು ಕಡೆ ವಾರ್ಡ್ ಸಾಮಾನು ಅಂತ ಮತ್ತೆ ಬಂದಿರುತ್ತದೆ. ಎಲ್ಲಕ್ಕಿಂತ ದೊಡ್ಡದು ವಾಪಸ್ ಔಷಧ. ಆಪರೇಷನ್ ರಾತ್ರಿ ಒಂದು ಚೀಲ ತುಂಬ ಇಂಜೆಕ್ಷನ್, ಸಲಾಯಿನ್ ತರಿಸಿರುತ್ತಾರೆ. ಉಳಿದ, ಒಡೆಯದ ಬಾಟಲಿ ವಾಪಸ್ ಹೋಗಿ ಹಣ ಜಮಾ ಆಗಬೇಕು. ನಾನು ನೋಡಿದ ಒಂದು ಬಿಲ್ಲಿನಲ್ಲಿ ಹನ್ನೆರಡು ಬಾಟಲಿ ದುಬಾರಿ ಆಂಟಿಬಯೋಟಿಕ್ ಬರೆದಿತ್ತು, ರೋಗಿಗೆ ಏನೇನು ಕೊಟ್ಟರು ಎಂದು ಬರೆಯುವ ಕೇಸ್ ಶೀಟಿನಲ್ಲಿ ಕೊಟ್ಟದ್ದು ಏಳು. ಐದು ಬಾಟಲಿ ವಾರ್ಡಿನ ಕಪಾಟಿನಲ್ಲಿ ಸುಮ್ನೆ ಕೂತಿದ್ದವು. ಯಾರೂ ಕದ್ದಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಎಲ್ಲ ತಪ್ಪೂ ಮೋಸ ಅಲ್ಲ ಎಂದು ನಾನು ಈಗಲೂ ನಂಬುತ್ತೇನೆ. ರಾತ್ರಿ ಪಾಳಿಯ ಹುಡುಗ ನಿದ್ದೆಗಣ್ಣಿನಲ್ಲಿ ಒತ್ತಿದ ಒಂದು ಬಟನ್ ಇರಬಹುದು. ಆದರೆ ಆ ತಪ್ಪುಗಳು ಯಾವಾಗಲೂ ಬಿಲ್ ಹೆಚ್ಚಾಗುವ ಕಡೆಗೇ ಆಗುತ್ತವೆ ನೋಡಿ, ಅದು ತಮಾಷೆ.

ಸಂಶಯ ಬಂದಲ್ಲಿ ಕೇಸ್ ಶೀಟಿನ ಪ್ರತಿ ಕೇಳಿ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಕೇಳಿದ ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ದರದ ಬಗ್ಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಒಂದು ಕಾನೂನು ಇದೆ, ಜನ ಕೆಪಿಎಂಇ ಅನ್ನುತ್ತಾರೆ. 2007ರದು, 2017ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಆ ಬೋರ್ಡಿನ ಫೋಟೊ ಹೊಡೆದುಕೊಳ್ಳಿ, ಬಿಲ್ ಜೊತೆ ಹೋಲಿಸಿ ನೋಡಿ. ಬೋರ್ಡೇ ಇಲ್ಲದಿದ್ದರೆ ಖಾಲಿ ಗೋಡೆಯ ಫೋಟೊ ಇರಲಿ, ಮುಂದೆ ಬೇಕಾಗಬಹುದು.

ಈಗ ಮಾತುಕತೆ. ನಮ್ಮವರು ಇಲ್ಲೇ ಎಡವುತ್ತಾರೆ. ಸಂಜೆ ಡಿಸ್ಚಾರ್ಜ್ ಹೊತ್ತಿಗೆ, ಗದ್ದಲದಲ್ಲಿ, ಕೌಂಟರಿನ ಹುಡುಗನ ಮುಂದೆ ಕೈಮುಗಿದು ಅಳುತ್ತಾರೆ. ಪಾಪ, ಆ ಹುಡುಗನಿಗೆ ನೂರು ರೂಪಾಯಿ ಬಿಡುವ ಅಧಿಕಾರ ಇಲ್ಲ. ಬಿಡುವ ಅಧಿಕಾರ ಇರುವುದು ಅಡ್ಮಿನಿಸ್ಟ್ರೇಟರಿಗೆ, ಮಾಲೀಕ ಡಾಕ್ಟರಿಗೆ ಮತ್ತು ಆಪರೇಷನ್ ಮಾಡಿದ ಸರ್ಜನ್‌ಗೆ. ಸರ್ಜನ್ ತಮ್ಮ ಫೀಸಿನಲ್ಲಿ ತಾವೇ ಬಿಡಬಹುದು, ಆಸ್ಪತ್ರೆಯನ್ನು ಕೇಳಬೇಕಾಗಿಲ್ಲ. ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಮೊದಲು ಅವರನ್ನು ಕಾಣಿ. ಆಮೇಲೆ ಅಡ್ಮಿನಿಸ್ಟ್ರೇಟರ್ ಹತ್ತಿರ ಹೋಗಿ. ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ.

ಯಾವುದರಲ್ಲಿ ಬಿಡುತ್ತಾರೆ ಎಂಬುದು ಗೊತ್ತಿದ್ದರೆ ಕೇಳುವುದು ಸುಲಭ. ಔಷಧ, ರಕ್ತ, ಹೊರಗೆ ಮಾಡಿಸಿದ ಸ್ಕ್ಯಾನ್, ಇವಕ್ಕೆ ಆಸ್ಪತ್ರೆ ತಾನೇ ಹಣ ಕೊಟ್ಟಿರುತ್ತದೆ. ಅಲ್ಲಿ ಬಿಡುವುದು ಅವರಿಗೂ ಕಷ್ಟ. ರೂಮ್ ಬಾಡಿಗೆ, ನರ್ಸಿಂಗ್, ಓಟಿ ಚಾರ್ಜ್, ಡಾಕ್ಟರ್ ವಿಸಿಟ್, ಅವರದೇ ಲ್ಯಾಬಿನ ಟೆಸ್ಟ್, ಇಲ್ಲಿ ಜಾಗ ಇದೆ. "ಒಟ್ಟಿನ ಮ್ಯಾಲೆ ಕಮ್ಮಿ ಮಾಡ್ರಿ" ಎಂದು ಕೇಳಿದರೆ ಐದು ಸಾವಿರ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಐಟಂ ಹಿಡಿದು ಕೇಳಬೇಕು.

ಹೀಗೆ ಮಾತಾಡಿ ನೋಡಿ: "ಸರ, ಅವ್ವನ ಜೀವಾ ಉಳಿಸೀರಿ, ನಿಮ್ಮ ರೊಕ್ಕ ಮುಳುಗಿಸೂ ಮಂದಿ ಅಲ್ರಿ ನಾವು. ಬಿಪಿಎಲ್ ಕಾರ್ಡ್ ಅದ, ನಾಕು ಎಕರೆ ತೊಗರಿ ಅದ. ಬಿಲ್‌ನ್ಯಾಗ ಈ ನಾಕು ಐಟಂ ಎರಡೆರಡು ಸಲ ಬಂದಾವ, ನೋಡ್ರಿ. ರೂಮ್ ಬಾಡಿಗಿ, ಓಟಿ ಚಾರ್ಜ್‌ನ್ಯಾಗ ಸ್ವಲ್ಪ ಬಿಡ್ರಿ. ಇವತ್ತು ಇಷ್ಟು ತಂದೀನಿ. ಉಳಿದದ್ದು ತೊಗರಿ ರಾಶಿ ಆದ ಮ್ಯಾಲ ಎರಡು ಕಂತಿನ್ಯಾಗ ಕಟ್ಟತೀನಿ, ಬರದ ಕೊಡತೀನಿ." ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ತೊಗರಿ ರಾಶಿ ಅಂದರೆ ಮುಖ ನೋಡುತ್ತಾರೆ. ಕಲಬುರಗಿಯಲ್ಲಿ ಹಾಗಲ್ಲ. ಇಲ್ಲಿನ ಆಸ್ಪತ್ರೆ ಮಾಲೀಕರಲ್ಲಿ ತುಂಬ ಜನರಿಗೆ ಸ್ವಂತ ಹೊಲ ಇದೆ. ಜನವರಿಯಲ್ಲಿ ರೊಕ್ಕ ಬರುತ್ತದೆ, ಅಕ್ಟೋಬರಿನಲ್ಲಿ ಇರುವುದಿಲ್ಲ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡು ಹೋಗಿ. ಬರೀ ಮಾತಿಗಿಂತ ಮೇಜಿನ ಮೇಲಿನ ಮೂವತ್ತು ಸಾವಿರಕ್ಕೆ ಬೆಲೆ ಜಾಸ್ತಿ. ಒಪ್ಪಂದ ಆದರೆ ಕಾಗದದ ಮೇಲೆ ಬರಲಿ: ಬಿಲ್ ನಂಬರ್, ಕಡಿಮೆ ಮಾಡಿದ ಮೇಲಿನ ಕೊನೆಯ ಮೊತ್ತ, ಇವತ್ತು ಕಟ್ಟಿದ್ದು, ಉಳಿದದ್ದು, ಯಾವ ತಾರೀಕಿಗೆ ಎಷ್ಟು. ಬಡ್ಡಿ ಇಲ್ಲ ಎಂಬ ಒಂದು ಸಾಲು ಸೇರಿಸಿ. ಎರಡು ಪ್ರತಿ ಮಾಡಿ, ಎರಡರ ಮೇಲೂ ಅವರ ಸಹಿ, ಸೀಲ್ ಇರಲಿ. ತಾರೀಕನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಡಿಸೆಂಬರ್ ಅಂತ ಬರೆದು ತಪ್ಪುವುದಕ್ಕಿಂತ ಫೆಬ್ರುವರಿ ಅಂತ ಬರೆದು ಜನವರಿಯಲ್ಲೇ ಕಟ್ಟುವುದು ಮೇಲು.

ಲೀಡರ್‌ಗಳಿಂದ ಫೋನ್ ಮಾಡಿಸುವುದು ನಮ್ಮ ಕಡೆ ಮಾಮೂಲು. ಕೆಲಸ ಆಗುತ್ತದೆ, ಸುಳ್ಳು ಹೇಳಲಾರೆ. ಆದರೆ ನೀವೇ ಮಾತಾಡಿ ನೋಡಿದ ಮೇಲೆ, ಕೊನೆಗೆ ಮಾಡಿಸಿ. ಇಪ್ಪತ್ತು ಜನ ಟಂಟಂನಲ್ಲಿ ಬಂದು ಗಲಾಟೆ ಮಾಡುವುದು ಮಾತ್ರ ಬೇಡವೇ ಬೇಡ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ, ಗಾಜು ಒಡೆದರೆ 2009ರ ರಾಜ್ಯ ಕಾನೂನಿನಲ್ಲಿ ಜೈಲು, ದಂಡ ಎರಡೂ ಇದೆ. ಬಿಲ್ಲಿನ ಜೊತೆ ಕೇಸೂ ತಲೆ ಮೇಲೆ ಬರುತ್ತದೆ.

"ದುಡ್ಡು ಕಟ್ಟದೆ ಬಿಡಲ್ಲ" ಎಂದರೆ? ರೋಗಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ. ದೆಹಲಿ ಹೈಕೋರ್ಟ್ 2017ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಬಾಕಿ ಇದ್ದರೆ ಕಾನೂನಿನ ದಾರಿಯಲ್ಲಿ ವಸೂಲಿ ಮಾಡಬೇಕೇ ಹೊರತು ಮನುಷ್ಯರನ್ನು ಹಿಡಿದಿಡುವಂತಿಲ್ಲ. ತೀರಿಹೋದವರ ವಿಷಯದಲ್ಲಿ ನಮ್ಮ ಕೆಪಿಎಂಇ ಕಾನೂನೇ ಹೇಳುತ್ತದೆ, ಬಾಕಿ ಇದ್ದರೂ ದೇಹವನ್ನು ಕೂಡಲೇ ಕೊಡಬೇಕು, ಹಣ ಆಮೇಲೆ ಕೇಳಬೇಕು. ಈ ಮಾತು ನಿಮಗೆ ಬೇಕಾಗಿಲ್ಲ, ಬೇಕಾಗದೇ ಇರಲಿ. ಆದರೆ ಓದುವ ಬೇರೆ ಯಾರಿಗಾದರೂ ಬೇಕಾಗಬಹುದು.

ಹಾಗಂತ ರಾತ್ರಿ ಹಿಂದಿನ ಬಾಗಿಲಿನಿಂದ ಅವ್ವನನ್ನು ಕರೆದುಕೊಂಡು ಹೋಗಬೇಡಿ. ಹಾಗೆ ಹೋದರೆ ಡಿಸ್ಚಾರ್ಜ್ ಸಮರಿ ಸಿಗುವುದಿಲ್ಲ. ಅದಿಲ್ಲದೆ ಮುಂದಿನ ಡಾಕ್ಟರಿಗೆ ಏನು ಆಪರೇಷನ್ ಆಗಿದೆ ಅಂತಲೇ ತಿಳಿಯುವುದಿಲ್ಲ, ಪರಿಹಾರದ ಅರ್ಜಿಯೂ ನಿಲ್ಲುತ್ತದೆ. ಮಾತು ಮುರಿದರೆ ಒಂದು ಅರ್ಜಿ ಬರೆಯಿರಿ. ಕೆಪಿಎಂಇ ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಡಿಎಚ್‌ಒ ಅಂದರೆ ಜಿಲ್ಲಾ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಅರ್ಜಿಯನ್ನು ಡಿಸಿ ಆಫೀಸಿಗೂ ಡಿಎಚ್‌ಒ ಆಫೀಸಿಗೂ ಕೊಟ್ಟು, ಸ್ವೀಕೃತಿ ಪ್ರತಿಯನ್ನು ಆಸ್ಪತ್ರೆಗೆ ತೋರಿಸಿ. ಎಷ್ಟೋ ಸಲ ಆ ಒಂದು ಸೀಲ್ ನೋಡಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ನಿಜವಾಗಿ ಬಾಗಿಲಲ್ಲಿ ತಡೆದು ನಿಲ್ಲಿಸಿದರೆ 112ಕ್ಕೆ ಫೋನ್ ಮಾಡಿ.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಒಟ್ಟು ದರ) ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮೀರುವಂತಿಲ್ಲ. ಇದು ಯೋಜನೆಯಲ್ಲಿ ನೋಂದಾಯಿಸಿದ ಆಸ್ಪತ್ರೆಯಲ್ಲಿ ಮಾತ್ರ ನಡೆಯುತ್ತದೆ. ಬೇರೆ ಕಡೆ ಆದ ಬಿಲ್ಲನ್ನು ಆಮೇಲೆ ಒಯ್ದರೆ ಕೊಡುವುದಿಲ್ಲ. ಹಾಗಾಗಿ ಆದ 2,86,000ಕ್ಕೆ ಕಾರ್ಡಿನಿಂದ ಉಪಯೋಗ ಇಲ್ಲ. ಆದರೂ ಒಂದು ಕೆಲಸ ಮಾಡಿ. ಆ ಆಸ್ಪತ್ರೆ ನಿಜವಾಗಿ ಪಟ್ಟಿಯಲ್ಲಿ ಇಲ್ಲವೇ ಎಂದು 104 ಅಥವಾ 14555 ಸಹಾಯವಾಣಿಗೆ ಫೋನ್ ಮಾಡಿ ಕೇಳಿ ನೋಡಿ. ಪಟ್ಟಿಯಲ್ಲಿದ್ದೂ "ನಡೆಯಲ್ಲ" ಎಂದಿದ್ದರೆ ಅದು ಬೇರೆಯೇ ಕಥೆ, ಆಗ ನಿಮ್ಮ ದೂರಿಗೆ ತುಂಬ ತೂಕ ಬರುತ್ತದೆ. ಕೆಲವು ಆಸ್ಪತ್ರೆ ಕೆಲವು ವಿಭಾಗಕ್ಕೆ ಮಾತ್ರ ನೋಂದಾಯಿಸಿರುತ್ತವೆ, ಅದನ್ನೂ ಕೇಳಿ.

ಮುಂದೆ ಬೇಕಾದೀತು ಅಂತ ಹೇಳುತ್ತೇನೆ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಅಂತ ಗುರುತಿಸಿದ ಕಾಯಿಲೆಗಳಿಗೆ ಚೀಟಿ ಬೇಡ, ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಒಳಗೆ ಹೋದ ಕೂಡಲೇ "ಆರೋಗ್ಯ ಮಿತ್ರ ಎಲ್ಲಿದ್ದಾರೆ?" ಎಂದು ಕೇಳಿ (ಈ ಯೋಜನೆಯ ಕೆಲಸ ನೋಡಲು ಆಸ್ಪತ್ರೆಯಲ್ಲಿ ಇರುವವರು), ಆಧಾರ್ ಮತ್ತು ರೇಷನ್ ಕಾರ್ಡ್ ಕೊಡಿ. ಜನರಲ್ ವಾರ್ಡ್ ಬಿಟ್ಟು ಸ್ಪೆಷಲ್ ರೂಮ್ ಕೇಳಿದರೆ ಕಾರ್ಡ್ ಕೈಬಿಟ್ಟ ಹಾಗೆ. ಬಿಪಿಎಲ್‌ನವರ ಹತ್ತಿರ ಪ್ಯಾಕೇಜ್ ಮೇಲೆ ಬೇರೆ ಹಣ ತೆಗೆದುಕೊಳ್ಳುವಂತಿಲ್ಲ. "ಇಂಜೆಕ್ಷನ್‌ಗೆ ಬೇರೆ ಕೊಡ್ರಿ" ಎಂದರೆ 104ಕ್ಕೆ ಹೇಳಿ.

ಇಂದಿನ ಈ ಯೋಜನೆಯ ಮೊದಲ ರೂಪ, ವಾಜಪೇಯಿ ಆರೋಗ್ಯಶ್ರೀ, 2010ರಲ್ಲಿ ರಾಜ್ಯದಲ್ಲೇ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಆದರೂ ಊರೂರಿನಲ್ಲಿ ಇವತ್ತಿಗೂ ಕಾರ್ಡ್ ಅಂದರೆ ಅಕ್ಕಿ ಅಂತಲೇ ಜನ ತಿಳಿದಿದ್ದಾರೆ. ಕಲಬುರಗಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಜಿಮ್ಸ್ ಇದೆ, ಹೃದಯಕ್ಕೆ ಜಯದೇವ ಇದೆ, 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡವೂ ಆಯಿತು. ಕ್ಯಾನ್ಸರಿಗೆ ಕಿದ್ವಾಯಿ ಘಟಕ ಇದೆ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ಹಾಸಿಗೆ ಸಿಗುವುದಿಲ್ಲ, ಕಾಯಬೇಕು ಎಂಬುದು ನಿಜ. ಆದರೆ ಜೀವಕ್ಕೆ ತುರ್ತು ಅಲ್ಲದ ಆಪರೇಷನ್‌ಗೆ ಎರಡು ವಾರ ಕಾದರೆ ಎರಡು ಲಕ್ಷ ಉಳಿಯುತ್ತದೆ. ಸೋಲಾಪುರಕ್ಕೋ ಹೈದರಾಬಾದಿಗೋ ಹೊರಡುವ ಮೊದಲು ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಗಾಡಿ ಹತ್ತಿದ ಮೇಲೆ ಅಲ್ಲ.

ಕಟ್ಟಿದ ಹಣದಲ್ಲಿ ಸ್ವಲ್ಪ ವಾಪಸ್ ಬರುವ ದಾರಿ ಮುಖ್ಯಮಂತ್ರಿಗಳ ಪರಿಹಾರ ನಿಧಿ. ಡಿಸ್ಚಾರ್ಜ್ ಸಮರಿ, ಅಸಲಿ ಬಿಲ್ಲುಗಳು, ರೇಷನ್ ಕಾರ್ಡ್, ಆಧಾರ್, ಅವ್ವನ ಬ್ಯಾಂಕ್ ಪಾಸ್‌ಬುಕ್ ಬೇಕು. ನಿಮ್ಮ ಶಾಸಕರ ಕಚೇರಿಯಲ್ಲಿ ಶಿಫಾರಸು ಪತ್ರ ಬರೆಸಿಕೊಂಡು ಕಳಿಸಿ. ಕೊಡುವ ಮುಂಚೆ ಎಲ್ಲದರ ಎರಡು ಸೆಟ್ ಜೆರಾಕ್ಸ್ ಇಟ್ಟುಕೊಳ್ಳಿ. ಪೂರ್ತಿ ಬಿಲ್ ಬರುವುದಿಲ್ಲ, ಬಂದರೂ ತಿಂಗಳುಗಳು ಹಿಡಿಯುತ್ತದೆ, ಅದನ್ನು ನೆಚ್ಚಿ ಸಾಲ ಮಾಡಬೇಡಿ. "ಮಂಜೂರು ಮಾಡಿಸ್ತೀನಿ, ಹತ್ತು ಪರ್ಸೆಂಟ್ ಕೊಡ್ರಿ" ಅನ್ನುವವರು ಸಿಗುತ್ತಾರೆ. ಆ ಪುಣ್ಯಾತ್ಮರನ್ನು ದೂರ ಇಡಿ, ಅರ್ಜಿಗೆ ಶುಲ್ಕ ಇಲ್ಲ. ಪ್ರಧಾನಮಂತ್ರಿ ನಿಧಿ ಚಿಕಿತ್ಸೆಗೆ ಮೊದಲು ಎಸ್ಟಿಮೇಟ್ ಇಟ್ಟು ಕೇಳುವಂಥದ್ದು. ಹೃದಯ, ಕಿಡ್ನಿ, ಕ್ಯಾನ್ಸರಿನಂಥವಕ್ಕೆ ಸಂಸದರ ಪತ್ರದೊಂದಿಗೆ ಹಾಕುತ್ತಾರೆ. ನಿಮ್ಮ ಕೇಸಿಗೆ ಅದು ಹೊಂದುವುದಿಲ್ಲ.

ಮನೆಯಲ್ಲಿ ಯಾರಾದರೂ ಗೌಂಡಿ ಕೆಲಸಕ್ಕೆ ಹೋಗುತ್ತಾರಾ? ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಮಂಡಳಿಯಿಂದ ವೈದ್ಯಕೀಯ ನೆರವು ಕೇಳಬಹುದು, ಅವಲಂಬಿತರಿಗೂ ಇದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸದ ಅಣ್ಣ ತಮ್ಮಂದಿರು ಇದ್ದರೆ ಪಗಾರದ ಚೀಟಿಯಲ್ಲಿ ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಕಡಿತ ಇದೆಯಾ ನೋಡಿ. ಪಗಾರ ತಿಂಗಳಿಗೆ 21,000ದ ಒಳಗಿದ್ದವರಿಗೆ ಅನ್ವಯ, ಶೇ 0.75 ಕಡಿತ ಆಗುತ್ತದೆ. ಮಗನ ಮೇಲೆ ಅವಲಂಬಿತಳಾದ ತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ, ಸೇಡಂ ರಸ್ತೆಯಲ್ಲೇ ಅವರ ದೊಡ್ಡ ಆಸ್ಪತ್ರೆ ಇದೆ. ತಿಂಗಳಾ ತಿಂಗಳಾ ಹಣ ಕಟ್ಟಿಯೂ ಆ ಗೇಟಿನ ಒಳಗೆ ಒಮ್ಮೆಯೂ ಹೋಗದವರು ಎಷ್ಟು ಜನ! ಪಿಕೆಪಿಎಸ್ ಅಂದರೆ ನಿಮ್ಮೂರ ಸೊಸೈಟಿಯ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟು 2023ರಲ್ಲಿ ಮತ್ತೆ ಶುರು ಮಾಡಿದರು. ನೋಂದಣಿಗೆ ವರ್ಷದಲ್ಲಿ ಇಷ್ಟು ತಿಂಗಳು ಅಂತ ಇರುತ್ತದೆ, ಕಾಯಿಲೆ ಬಂದ ದಿನ ಹೋದರೆ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಇವತ್ತು ಕಟ್ಟಲು ಸ್ವಲ್ಪ ಹಣ ಬೇಕೇ ಬೇಕು ಅಂದರೆ, ಮನೆಯಲ್ಲಿ ಎರಡು ತೊಲ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಇಡಿ. ಲಕ್ಷಕ್ಕೆ ವರ್ಷಕ್ಕೆ ಸುಮಾರು ಹತ್ತು ಸಾವಿರ ಬಡ್ಡಿ ಬೀಳಬಹುದು. ಸಾವಕಾರರ ಹತ್ತಿರ ಅದೇ ಲಕ್ಷಕ್ಕೆ ಅರವತ್ತು ಸಾವಿರ. ಬಂಗಾರ ಇಡಲು ಹೆಣ್ಣುಮಕ್ಕಳಿಗೆ ಜೀವ ಒಪ್ಪುವುದಿಲ್ಲ, ಗೊತ್ತು. ಹೊಲ ಹೋದರೆ ವಾಪಸ್ ಬರುವುದಿಲ್ಲ, ಬಂಗಾರ ಬರುತ್ತದೆ. ಅಣ್ಣನಿಗೆ ಇದನ್ನು ಕೂರಿಸಿ ಹೇಳಿ. ಗಡಿಬಿಡಿಯಲ್ಲಿ ಮಾರಿದ ಎಕರೆಗೆ ಸರಿಯಾದ ಬೆಲೆಯೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ತಾಯಿ ಇದ್ದಾಳೆ ಎಂದು ಊರಿಗೆಲ್ಲ ಗೊತ್ತಿರುತ್ತದಲ್ಲ.

ಬಿಲ್ ಅನ್ಯಾಯ ಎಂದು ಗಟ್ಟಿಯಾಗಿ ಅನಿಸಿದರೆ ಡಿಸ್ಚಾರ್ಜ್ ಆದ ಮೇಲೆ ಎರಡು ಬಾಗಿಲು ಇವೆ. ಒಂದು, ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಇನ್ನೊಂದು ಖಾಯಂ ಲೋಕ ಅದಾಲತ್, ಕಲಬುರಗಿಯಲ್ಲೇ ಇದೆ. ಆಸ್ಪತ್ರೆ ಸೇವೆಯ ವ್ಯಾಜ್ಯ ಅಲ್ಲಿಗೆ ಬರುತ್ತದೆ, ಕೋರ್ಟ್ ಫೀ ಇಲ್ಲ, ಮೊದಲು ರಾಜಿಗೆ ಕೂರಿಸುತ್ತಾರೆ. ನನಗೆ ಇದೇ ಇಷ್ಟ, ಯಾಕೆಂದರೆ ಮುಂದೆಯೂ ಅದೇ ಡಾಕ್ಟರ್ ಹತ್ತಿರ ಹೋಗಬೇಕಾಗಬಹುದು, ಜಗಳ ಹಚ್ಚಿಕೊಂಡು ಲಾಭ ಇಲ್ಲ. ವಕೀಲರಿಗೆ ಕೊಡಲು ಹಣ ಇಲ್ಲವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಹಾಗಾಗಿ ಅರ್ಜಿ ಅವ್ವನ ಹೆಸರಿನಲ್ಲೇ ಇರಲಿ. ಫೋನ್ 15100.

ಇನ್ನು ಮನೆಗೆ ಹೋಗುವ ದಿನ. ಬರೆದುಕೊಡುವ ಮಾತ್ರೆಗಳನ್ನು ಒಳಗಿನ ಮೆಡಿಕಲ್‌ನಲ್ಲೇ ಕೊಳ್ಳಬೇಕು ಎಂದೇನಿಲ್ಲ. ಚೀಟಿ ಹಿಡಿದು ಹೊರಗಿನ ಜನೌಷಧಿ ಅಂಗಡಿಗೆ ಹೋಗಿ, ಅದೇ ಔಷಧ ಇದೆಯಾ ಕೇಳಿ. ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಂಡು ಕೊಡಿ. ಹೊಲಿಗೆ ಬಿಚ್ಚಿಸಲು, ತಪಾಸಣೆಗೆ ಕರೆದ ದಿನ ತಪ್ಪದೆ ಹೋಗಿ. ಬಾಕಿ ಇದೆ, ಮುಖ ಹೆಂಗ ತೋರಿಸೂದು ಎಂದು ಮನೆಯಲ್ಲೇ ಕೂತು, ಹೊಲಿಗೆಯಲ್ಲಿ ಕೀವು ಮಾಡಿಕೊಂಡು ಮತ್ತೆ ಐಸಿಯು ಸೇರಿದ ಒಬ್ಬ ಅಜ್ಜಿಯನ್ನು ನೋಡಿದ್ದೇನೆ. ಮೊದಲಿನ ಬಾಕಿ 22,000 ಇತ್ತು. ಎರಡನೇ ಸಲದ ಬಿಲ್ ಅದರ ನಾಲ್ಕು ಪಟ್ಟು.

ನಾಳೆ ಬೆಳಿಗ್ಗೆ ಸರ್ಜನ್‌ರನ್ನು ಕಾಣಲು ಹೋಗುವಾಗ ಜೇಬಿನಲ್ಲಿ ರೇಷನ್ ಕಾರ್ಡಿನ ಜೆರಾಕ್ಸ್, ಪಹಣಿಯ ಜೆರಾಕ್ಸ್, ಗುರುತು ಹಾಕಿದ ಬಿಲ್ ಮತ್ತು ಒಂದು ಖಾಲಿ ಹಾಳೆ ಇರಲಿ. ಚೆಕ್ ಬುಕ್ ಊರಲ್ಲೇ ಬಿಟ್ಟು ಬನ್ನಿ.